ಗಗನವೇರಿದ ಗೃಹಿಣಿ: ಉಷಾ ಸುಂದರಂ

ಸಿರಸಂಗಿಯ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸಿನಲ್ಲಿ ಎರಡು ನೆನಪುಗಳು ಮೂಡುವವು. ಒಂದು, ಕಾಳಮ್ಮನ ಗುಡಿ. ಇನ್ನೊಂದು, 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಸಂಪತ್ತನ್ನು ವಿದ್ಯೆಗಾಗಿ ಮುಡಿಪಿಟ್ಟ ಮೃತ್ಯುಪತ್ರ. ದಾನಿಯ ಧನವು ವಿದ್ಯೆಯ ಬಾಗಿಲನ್ನು ತೆರೆಯಬಲ್ಲದು; ಆ ಬಾಗಿಲನ್ನು ದಾಟುವ ಧೈರ್ಯವನ್ನು ಮಾತ್ರ ದಾಟಿದವರ ಚರಿತ್ರೆಯಿಂದಲೇ ಕಲಿಯಬೇಕು. ಸಾಲೆಯ ಅಂಗಳದಲ್ಲಿ ನಿಂತು, ಬಿಸಿಲಿಗೆ ಕೈ ಮರೆಮಾಡಿ, ಮುಗಿಲಿನಲ್ಲಿ ಸಾಗುವ ವಿಮಾನವನ್ನು ನೋಡುವ ಸಿರಸಂಗಿಯ ಬಾಲಿಕೆಗೆ ಹೇಳತಕ್ಕ ಅಂಥ ಚರಿತ್ರೆಯೊಂದು ನಮ್ಮ ಕರ್ನಾಟಕದಲ್ಲಿಯೇ ನಡೆದಿದೆ. ಅದು ಉಷಾ ಸುಂದರಂ ಅವರದು.

ಉಷಾ ಅವರು ಹುಟ್ಟಿದ್ದು 1924ರಲ್ಲಿ. 1941ರಲ್ಲಿ ವಿ. ಸುಂದರಂ ಎಂಬ ವಿಮಾನ ಚಾಲಕರ ಕೈಹಿಡಿದರು. ಮದುವೆಯೊಂದಿಗೆ ಹುಡುಗಿಯ ಓದು ಮುಗಿಯಿತೆಂದು ಪಾಟಿ ಪುಸ್ತಕಗಳನ್ನು ಮೂಲೆಗಿಡುತ್ತಿದ್ದ ಕಾಲವದು. ಉಷಾ ಅವರ ಪಾಲಿಗಾದರೋ ದೊಡ್ಡ ವಿದ್ಯೆಯು ಮದುವೆಯ ನಂತರವೇ ಆರಂಭವಾಯಿತು. ದಂಪತಿಗಳು ಬೆಂಗಳೂರಿಗೆ ಬಂದು ನೆಲೆಸಿದರು. 1940ರಲ್ಲಿ ವಿಮಾನ ಕಾರಖಾನೆಯು ಸ್ಥಾಪನೆಯಾದಂದಿನಿಂದ ಆ ನಗರಕ್ಕೆ ವಿಮಾನದ ಸದ್ದು ಹೊಸದಾಗಿರಲಿಲ್ಲ. ವಿಮಾನವನ್ನು ನಡೆಸುವ ಸ್ತ್ರೀ ಮಾತ್ರ ಹೊಸಬಳು.

ಮೈಸೂರು ಸರಕಾರವು ಜಕ್ಕೂರಿನಲ್ಲಿ ವಿಮಾನ ಶಿಕ್ಷಣ ಶಾಲೆಯೊಂದನ್ನು ತೆರೆದಾಗ ಸುಂದರಂ ಅವರು ಅದರ ಮೊದಲ ಮುಖ್ಯಸ್ಥರಾದರು. 1949ರಲ್ಲಿ ಆ ಶಾಲೆಯಿಂದ ಉತ್ತೀರ್ಣರಾಗಿ ಹೊರಬಂದ ಮೊದಲ ಮಹಿಳೆ ಉಷಾ ಅವರು. ಶಾಲೆಯ ಮುಖ್ಯಸ್ಥರ ಪತ್ನಿಗೆ ಇದೇನು ಮಹಾಕಾರ್ಯವೆಂದು ಯಾರಾದರೂ ಹಗುರವಾಗಿ ಎಣಿಸಬಹುದು. ಆದರೆ ವಿಮಾನವಿದ್ಯೆಯಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಗಾಳಿಯ ಬೀಸನ್ನು ಅಳೆಯುವದು, ಮೋಡದ ಬಣ್ಣದಿಂದ ಮುಂದಣ ಹವೆಯನ್ನು ಊಹಿಸುವದು, ನಕಾಶೆಯನ್ನೂ ದಿಕ್ಸೂಚಿಯನ್ನೂ ನಂಬಿ ದಾರಿ ಹಿಡಿಯುವದು, ಯಂತ್ರದ ಸದ್ದಿನಲ್ಲಿಯ ಎಳ್ಳಷ್ಟು ಅಪಸ್ವರವನ್ನು ಗುರುತಿಸುವದು ಇವೆಲ್ಲವನ್ನೂ ಕಲಿಯುವವರು ತಾವಾಗಿಯೇ ಸಾಧಿಸಬೇಕು. ನೆಲಕ್ಕೆ ಇಳಿಯುವ ಆ ಒಂದು ಗಳಿಗೆಯಲ್ಲಿ ಗುರು ಯಾರೆಂಬುದನ್ನು ಗಾಳಿ ಕೇಳುವದಿಲ್ಲ.

ಆ ವರ್ಷಗಳು ದೇಶಕ್ಕೂ ಕಠಿಣವಾದವುಗಳೇ. ಐನೂರಕ್ಕೂ ಮಿಕ್ಕ ಸಂಸ್ಥಾನಗಳನ್ನು ಒಂದೇ ರಾಷ್ಟ್ರವಾಗಿ ಕೂಡಿಸುವ ಕಾರ್ಯದಲ್ಲಿ ಸರದಾರ ಪಟೇಲರು ಊರಿಂದೂರಿಗೆ ತಿರುಗಬೇಕಾಗಿತ್ತು. ರೈಲಿನಲ್ಲಿ ದಿನಗಟ್ಟಲೆ ಹಿಡಿಯುವ ದಾರಿಯನ್ನು ವಿಮಾನವು ಗಂಟೆಗಳಿಗೆ ಇಳಿಸಿತು. ಮೈಸೂರು ಮಹಾರಾಜರ ಡಕೋಟಾ ವಿಮಾನವನ್ನು ನಡೆಸುತ್ತಿದ್ದ ಸುಂದರಂ ಅವರ ಪಕ್ಕದಲ್ಲಿ ಸಹಚಾಲಕಿಯಾಗಿ ಉಷಾ ಅವರು ಕುಳಿತರು. ಪಟೇಲರೂ ಪಂಡಿತ ನೆಹರೂ ಅವರೂ ಈ ದಂಪತಿಗಳು ನಡೆಸಿದ ವಿಮಾನದಲ್ಲಿ ಪ್ರಯಾಣ ಮಾಡಿದರು. ರಾಷ್ಟ್ರವನ್ನು ಕಟ್ಟುತ್ತಿದ್ದವರ ಪ್ರಾಣವು ಆಕಾಶಮಾರ್ಗದಲ್ಲಿ ಒಬ್ಬ ಗೃಹಿಣಿಯ ಎಚ್ಚರವನ್ನೂ ನೆಚ್ಚಿಕೊಂಡಿತ್ತೆಂಬುದನ್ನು ನಮ್ಮ ಮಕ್ಕಳು ಅರಿಯಬೇಕು.

1951ರಲ್ಲಿ ಅವರ ಕೀರ್ತಿಯು ಶಿಖರವನ್ನು ಮುಟ್ಟಿತು. ಮದ್ರಾಸ್ ಸರಕಾರಕ್ಕಾಗಿ ಕೊಂಡ ಡಿ ಹ್ಯಾವಿಲೆಂಡ್ ಡವ್ ವಿಮಾನವನ್ನು ತರಲು ದಂಪತಿಗಳು ಇಂಗ್ಲಂಡಿಗೆ ತೆರಳಿದರು. ಡವ್ ಎಂದರೆ ಪಾರಿವಾಳ. ಹೆಸರಿಗೆ ತಕ್ಕಂತೆ ಚಿಕ್ಕದು: ಎರಡು ಯಂತ್ರಗಳು, ಎಂಟು ಹತ್ತು ಜನರಿಗಷ್ಟೇ ಸ್ಥಳ. ಅಲ್ಲಿಂದ ಮುಂಬಯಿಗೆ ನೇರವಾಗಿ ಅಳೆದರೂ ಏಳು ಸಾವಿರ ಕಿಲೋಮೀಟರುಗಳಿಗೆ ಕಡಿಮೆಯಿಲ್ಲ. ಅಷ್ಟು ದೂರವನ್ನು ಒಂದೇ ಉಸಿರಿಗೆ ದಾಟುವ ಶಕ್ತಿ ಆ ಪುಟ್ಟ ವಿಮಾನಕ್ಕೆ ಇರಲಿಲ್ಲ. ನಡುನಡುವೆ ಇಳಿದು, ಇಂಧನ ತುಂಬಿಸಿಕೊಂಡು, ಮತ್ತೆ ಏರಿ, ಕಡಲನ್ನೂ ಮರುಭೂಮಿಯನ್ನೂ ದಾಟಿ 27 ಗಂಟೆಗಳ ಹಾರಾಟದಲ್ಲಿ ಅವರು ಮುಂಬಯಿಯನ್ನು ಸೇರಿದರು. ಅದು ದಾಖಲೆಯೆನಿಸಿತು.

ಇಷ್ಟೆಲ್ಲ ಆದರೂ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಏಕೆ ಬೇರೂರಲಿಲ್ಲ? ಹೆಣ್ಣಿನ ಸಾಹಸವನ್ನು ಗಂಡಿನ ಸಾಹಸದ ನೆರಳೆಂದು ಕಾಣುವ ನಮ್ಮ ರೂಢಿಯೇ ಇದಕ್ಕೆ ಕಾರಣವೆಂದು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. ಅವರ ಕಾಲದ ಸೋದರಿಯರನ್ನು ನೋಡಿರಿ. 1936ರಲ್ಲಿ ಲಾಹೋರಿನಲ್ಲಿ 21 ವರ್ಷದ ಸರಲಾ ಠಕ್ರಾಲ್ ಅವರು ಸೀರೆಯುಟ್ಟು, ಮನೆಯಲ್ಲಿ ಎಳೆಯ ಮಗಳಿರಲು, ಒಂಟಿಯಾಗಿ ವಿಮಾನವನ್ನು ಹಾರಿಸಿದರು. ಆದರೆ ಪತಿಯ ಮರಣ, ಮಹಾಯುದ್ಧ ಇವೆರಡೂ ಅವರ ಆಶೆಯನ್ನು ತಡೆದವು. ಪ್ರೇಮ ಮಾಥುರ್ ಅವರನ್ನು ಹೆಂಗಸೆಂಬ ಕಾರಣಕ್ಕೆ ಹಲವು ಸಂಸ್ಥೆಗಳು ಹಿಂದಕ್ಕೆ ಕಳಿಸಿದ ಮೇಲೆ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಕರೆದುಕೊಂಡಿತು. ಸಾಮರ್ಥ್ಯವಿತ್ತು, ಇಲ್ಲದ್ದು ಅವಕಾಶ. ಉಷಾ ಅವರಿಗೆ ಪಕ್ಕದ ಪೀಠವನ್ನು ಬಿಟ್ಟುಕೊಟ್ಟ ಪತಿ ದೊರೆತರು. ಅಂಥ ಪತಿಯೋ ತಂದೆಯೋ ದೊರೆಯದ ಎಷ್ಟು ಹೆಣ್ಣುಮಕ್ಕಳ ಸಾಮರ್ಥ್ಯ ನೆಲದಲ್ಲಿಯೇ ಉಳಿಯಿತೆಂದು ಯಾರು ಎಣಿಸಿದ್ದಾರೆ?

ಆಕಾಶವನ್ನು ಗೆದ್ದವರಿಗೆ ಗರ್ವ ಬರುವದು ಸಹಜ. ಉಷಾ ಅವರ ಹೃದಯವಾದರೋ ನೆಲದ ಮೂಕ ಜೀವಿಗಳ ಕಡೆಗೆ ಒಲಿಯಿತು. 1959ರಲ್ಲಿ ಮದ್ರಾಸಿನಲ್ಲಿ ಪತಿಯೊಡನೆಯೂ ಮಕ್ಕಳೊಡನೆಯೂ ಕೂಡಿ ಬ್ಲೂ ಕ್ರಾಸ್ ಎಂಬ ಪ್ರಾಣಿದಯಾ ಸಂಸ್ಥೆಗೆ ಅಡಿಗಲ್ಲು ಹಾಕಿದರು. ಬೀದಿಯ ನಾಯಿ, ಗಾಯಗೊಂಡ ದನ ಇವುಗಳಿಗೆ ಆಶ್ರಯವಾಗಿ ಹೊರಟ ಆ ಮನೆಯ ಕೆಲಸವು ಬೆಳೆದು ದೇಶದಲ್ಲಿ ಹೆಸರಾಯಿತು. 2010ರಲ್ಲಿ ಉಷಾ ಅವರು ಕಾಲವಶರಾದರು.

ಸಿರಸಂಗಿಯ ತಂದೆತಾಯಿಗಳಲ್ಲಿ ನಮ್ಮ ಬಿನ್ನಹವೊಂದೇ. ಮಗಳು ವಿಮಾನವನ್ನೇ ನಡೆಸಬೇಕೆಂದಿಲ್ಲ. ಅವಳು ವೈದ್ಯಳಾಗಲಿ, ಶಿಕ್ಷಕಿಯಾಗಲಿ, ಒಕ್ಕಲುತನವನ್ನೇ ಮಾಡಲಿ. ಅವಳ ಸಾಮರ್ಥ್ಯಕ್ಕೆ ತಕ್ಕ ಪೀಠವನ್ನು ಬಿಟ್ಟುಕೊಡುವದು ಹಿರಿಯರ ಧರ್ಮ. ಲಿಂಗರಾಜರು ವಿದ್ಯೆಗಾಗಿ ಭಂಡಾರವನ್ನೇ ಬಿಟ್ಟುಕೊಟ್ಟರು. ಅವರ ಊರಿನವರು ಮಗಳಿಗಾಗಿ ಒಂದು ಹಳೆಯ ಅಂಜಿಕೆಯನ್ನು ಬಿಟ್ಟುಕೊಟ್ಟರೆ ಸಾಕು. ಮುಂದಿನ ದಾರಿಯನ್ನು ಅವಳೇ ಕಂಡುಕೊಳ್ಳುವಳು.