ಎಮ್ಮೆದೊಡ್ಡಿಯ ಕತ್ತಲೆ ಕಂಡ ಕೆನೆತ್ ಆಂಡರ್ಸನ್

ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಎಂದೊಡನೆ ಸುತ್ತಲಿನ ಜನರಿಗೆ ಮದಗದ ಕೆರೆ ನೆನಪಾಗುತ್ತದೆ. ದೂರದೇಶಗಳ ಇಂಗ್ಲಿಷ್ ಓದುಗರಿಗೆ ಆ ಹೆಸರು ಪರಿಚಯವಾದದ್ದು ನರಭಕ್ಷಕನೊಂದರ ಮೂಲಕ. 1954ರಲ್ಲಿ ಪ್ರಕಟವಾದ ‘ನೈನ್ ಮ್ಯಾನ್‌ಈಟರ್ಸ್ ಅಂಡ್ ಒನ್ ರೋಗ್’ ಕೃತಿಯ ಒಂದು ಅಧ್ಯಾಯ ಎಮ್ಮೆದೊಡ್ಡಿಯದು. ಮತ್ತೊಂದು ಅಜ್ಜಂಪುರದ ಆಚೆಗಿನ ಹೊಸದುರ್ಗ-ಹೊಳಲ್ಕೆರೆ ಸೀಮೆಯದು. ಬರೆದವರು ಕೆನೆತ್ ಆಂಡರ್ಸನ್.

ತಲೆಮಾರುಗಳ ಹಿಂದೆಯೇ ಭಾರತಕ್ಕೆ ಬಂದು ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬದಲ್ಲಿ, 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಬಳಿಯ ಬೊಲಾರಂನಲ್ಲಿ ಅವರ ಜನನ. ವ್ಯಾಸಂಗ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹಾಗೂ ಸೇಂಟ್ ಜೋಸೆಫ್ ಕಾಲೇಜುಗಳಲ್ಲಿ, ಉದ್ಯೋಗ ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ. 1947ರ ನಂತರ ಬಿಳಿಯರು ಬಹುಮಂದಿ ಹಡಗು ಹತ್ತಿದರೂ ಆಂಡರ್ಸನ್ ಊರು ಬಿಡಲಿಲ್ಲ.

ಅವರ ಬರಹಗಳನ್ನು ಬರೀ ಬೇಟೆಯ ಕಥೆಗಳೆನ್ನಲಾಗದು. ದೆವ್ವ, ಮಾಟ, ಮಂತ್ರಗಳನ್ನು ಅವರು ಸುಲಭವಾಗಿ ತಳ್ಳಿಹಾಕಿದವರಲ್ಲ. ಗುಮ್ಮಲಾಪುರದ ಚಿರತೆಗೆ ಶೀರ್ಷಿಕೆಯಲ್ಲಿಯೇ ಪಿಶಾಚಿಯ ಪಟ್ಟ ಕೊಟ್ಟರು. ಅದು ಕೊಂದದ್ದು 42 ಮಂದಿಯನ್ನು. ಆದರೆ ಈ ಭೀತಿಗೆ ಬಲಿಯಾಗುತ್ತಿದ್ದವರು ಯಾರು? ದನಗಾಹಿಗಳು, ಸೌದೆ ಆಯುವವರು, ಭದ್ರವಾದ ಬಾಗಿಲಿಲ್ಲದ ಗುಡಿಸಲಿನವರು. ಅಮೃತಮಹಲ್ ಕಾವಲುಗಳ ಈ ಸೀಮೆಯಲ್ಲಿಯೂ ಕಾಡಂಚಿಗೆ ರಾಸು ಹೊಡೆದುಕೊಂಡು ಹೋಗುತ್ತಿದ್ದವನು ಬಡವನೇ. ಬಂದೂಕು ಮಾತ್ರ ದೊರೆಯ ಕೈಯಲ್ಲಿತ್ತು.

ಈ ತಾರತಮ್ಯ ಅತ್ಯಂತ ನಿಚ್ಚಳವಾಗಿ ಕಾಣುವುದು ಬೈರನ ಕಥೆಯಲ್ಲಿ. ಅಂದಿನ ಸೇಲಂ ಜಿಲ್ಲೆಯ ಚಿನ್ನಾರ್ ಹೊಳೆಯ ಬಳಿ, ದಂಡೆಯಲ್ಲಿ ತೋಡಿದ ಬಿಲದಂತಹ ಗುಂಡಿಯೇ ಆ ಪೂಜಾರಿ ಬುಡಕಟ್ಟಿನವನ ಮನೆ. ಹೊಟ್ಟೆಪಾಡಿಗೆ ಒಂದು ಪ್ರಾಣಿ ಹೊಡೆದರೂ ಕಾನೂನಿನ ಕಣ್ಣಲ್ಲಿ ಅವನು ಕಳ್ಳ. ಅದೇ ಕಾಡಿನಲ್ಲಿ ಪರವಾನಗಿ ಪಡೆದು ಹುಲಿ ಹೊಡೆದ ಆಂಡರ್ಸನ್ ಶಿಕಾರಿ. ಹಾಗಿದ್ದೂ ಕಾಡಿನ ವಿದ್ಯೆಯಲ್ಲಿ ಬೈರನೇ ತಮ್ಮ ಗುರುವೆಂದು ಅವರು ಒಪ್ಪಿಕೊಂಡರು, ಗೆಳೆಯನೆಂದು ಬರೆದರು. ಜಿಮ್ ಕಾರ್ಬೆಟ್‌ಗೆ ಹೋಲಿಸಿ ಹೊಗಳುವವರು ಗಮನಿಸಬೇಕಾದ ಸಂಗತಿಯಿದು. ಹಾಗೆಂದು ಅವರು ತಮ್ಮ ವರ್ಣದ ಗತ್ತನ್ನು ಪೂರ್ತಿ ಕಳಚಿದರೆನ್ನುವಂತಿಲ್ಲ. ಹಳ್ಳಿಗರ ಅಂಜಿಕೆ, ಅಜ್ಞಾನಗಳನ್ನು ವರ್ಣಿಸುವಾಗ ಸಾಹೇಬರ ದನಿ ಆಗಾಗ ಮೇಲಿನಿಂದಲೇ ಕೇಳಿಸುತ್ತದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1974ರ ಆಗಸ್ಟ್ 30ರಂದು ಆಂಡರ್ಸನ್ ನಿಧನರಾದರು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿ ಕಾಡನ್ನೂ ಒಳಗೊಂಡು ಭದ್ರಾ ಅಭಯಾರಣ್ಯ ರೂಪುಗೊಂಡದ್ದು ಅದೇ ವರ್ಷ.

ಅವರನ್ನು ಕನ್ನಡದ ಮನೆಮಾತಾಗಿಸಿದವರು ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ. ‘ಕಾಡಿನ ಕಥೆಗಳು’ ಮಾಲೆಯ ನಾಲ್ಕು ಭಾಗಗಳಲ್ಲಿ ಅವರು ಆಂಡರ್ಸನ್ ಅನುಭವಗಳನ್ನು ಮಲೆನಾಡಿಗರ ಆಡುಮಾತಿನ ಲಯಕ್ಕೆ ತಂದರು. ಮೂಲದಲ್ಲಿ ‘ನೇಟಿವ್’ ಆಗಿದ್ದ ದನಗಾಹಿ ಇಲ್ಲಿ ಪಕ್ಕದೂರಿನವನಂತೆ ಮಾತನಾಡುತ್ತಾನೆ.