ಪೆಸ್ಟಲಾಜಿ ಮತ್ತು ಅವನ ಗುರುಮಂಡಲಿ

ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ೧೭೪೬ರ ಜನವರಿ ೧೨ರಂದು ಜನಿಸಿದ ಯೋಹಾನ್ ಹೈನ್ರಿಕ್ ಪೆಸ್ಟಲಾಜಿಯು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಬಡಮಕ್ಕಳಿಗಾಗಿ ನಾಯ್‌ಹೋಫಿನಲ್ಲಿ ಅವನು ತೆರೆದ ಆಶ್ರಯಶಾಲೆಯು ೧೭೮೦ರ ಸುಮಾರಿಗೆ ಹಣವಿಲ್ಲದೆ ಮುಚ್ಚಿತು. ೧೭೯೯ರಲ್ಲಿ ಸ್ಟಾನ್ಸ್ ಎಂಬಲ್ಲಿ ಯುದ್ಧದಿಂದ ಅನಾಥರಾದ ಮಕ್ಕಳ ನಡುವೆ ಹಗಲಿರುಳು ದುಡಿದನು. ಕೆಲವೇ ತಿಂಗಳಲ್ಲಿ ಆ ಕಟ್ಟಡವು ಸೈನಿಕರ ಆಸ್ಪತ್ರೆಯಾಯಿತು. ಇವೆಲ್ಲ ಬಹುಮಂದಿ ಬಲ್ಲ ಸಂಗತಿಗಳು. ಸಹೋಪಾಧ್ಯಾಯರನ್ನು ಕೂಡಿಕೊಂಡು ಅವನು ನಡೆಸಿದ ಕಾರ್ಯವು ಅಷ್ಟಾಗಿ ಪರಿಚಿತವಲ್ಲ.

೧೮೦೫ರಲ್ಲಿ ಇವರ್ಡನ್ ಪಟ್ಟಣದ ಹಳೆಯ ಕೋಟೆಯಲ್ಲಿ ಅವನ ವಿದ್ಯಾಸಂಸ್ಥೆಯು ನೆಲೆಗೊಂಡಿತು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದರು. ಅಲ್ಲಿ ಪುಸ್ತಕದ ಪಾಠಕ್ಕಿಂತ ಮಗುವಿನ ಅನುಭವಕ್ಕೆ ಪ್ರಾಶಸ್ತ್ಯ. ಮಗುವು ತಾನೇ ಕಂಡು, ಎಣಿಸಿ, ಅಳೆದು, ಅನಂತರ ಮಾತಿನಲ್ಲಿ ಹೇಳಬೇಕು. ಹೀಗಿರುವಾಗ ಯಾವ ಅಭ್ಯಾಸದ ಬಳಿಕ ಯಾವುದು ಬರಬೇಕೆಂದು ತಿಳಿಸುವವರಾರು? ಮಕ್ಕಳ ಕೆಲಸವೇ ತಿಳಿಸಬೇಕು. ಆದುದರಿಂದ ಉಪಾಧ್ಯಾಯರು ವಾರದಲ್ಲಿ ಹಲವು ಸಲ ಪೆಸ್ಟಲಾಜಿಯ ಸನ್ನಿಧಿಯಲ್ಲಿ ಕಲೆತು ವಿದ್ಯಾರ್ಥಿಗಳ ನಡತೆಯನ್ನೂ ಪ್ರಗತಿಯನ್ನೂ ನಿವೇದಿಸುತ್ತಿದ್ದರು. ವಾರದ ಕೊನೆಗೆ ಇಡೀ ವಾರದ ಕಾರ್ಯದ ಪರಾಮರ್ಶೆ ನಡೆಯುತ್ತಿತ್ತು. ಮಗುವು ಎಡವಿದಲ್ಲಿ ದೋಷವು ಮಗುವಿನದೋ ಬೋಧನೆಯದೋ ಎಂದು ನೋಡುವುದು ಅವನ ವಿಧಾನದ ಜೀವಾಳವಾಗಿತ್ತು. ಪೆಸ್ಟಲಾಜಿಗೆ ಕಾಗುಣಿತವೂ ಸರಿಯಾಗಿ ಒಲಿದಿರಲಿಲ್ಲ, ಆಡಳಿತವಂತೂ ಒಲಿಯಲೇ ಇಲ್ಲ. ಅಂಥವನು ಗುರುಗಳಿಗೆ ಗುರುವಾದುದು ಸೋಜಿಗವೇ ಸರಿ! ಮುಂದೆ ಶಿಶುವಿಹಾರದ ಜನಕನೆನಿಸಿದ ಫ್ರೋಬೆಲನು ೧೮೦೮ರಿಂದ ೧೮೧೦ರವರೆಗೆ ಇಲ್ಲಿಯೇ ಇದ್ದು ಕಲಿತನು. ಸ್ಫೂರ್ತಿಯೊಡನೆ ಒಡಕನ್ನೂ ಅವನು ಕಂಡನು.

ಒಡಕು ಇದ್ದುದು ಉಪಾಧ್ಯಾಯರಲ್ಲಿಯೇ. ನೀಡರರನು ತತ್ತ್ವಚಿಂತಕ, ಬಡತನದಿಂದ ಮೇಲೆ ಬಂದ ಶ್ಮಿಡ್‌ನು ಗಣಿತದಲ್ಲಿ ನಿಪುಣ. ೧೮೦೯ರಲ್ಲಿ ಪೆಸ್ಟಲಾಜಿಯು ತಾನೇ ಬೇಡಿ ತನ್ನ ಶಾಲೆಯ ಪರೀಕ್ಷೆಗೆ ಸರಕಾರದ ಸಮಿತಿಯನ್ನು ಕರೆಸಿದನು. ಇಂಥ ಧೈರ್ಯವನ್ನು ಎಷ್ಟು ಸಂಸ್ಥೆಗಳು ತೋರಿಯಾವು? ಫಾದರ್ ಜಿರಾರ್ ಬರೆದ ವರದಿಯು ಗಣಿತಬೋಧನೆಯನ್ನು ಮೆಚ್ಚಿದರೂ ಶಾಲೆಯು ನಾಡಿಗೆ ಮಾದರಿಯಾಗಲಾರದೆಂದಿತು. ಶ್ಮಿಡ್‌ನು ೧೮೧೦ರಲ್ಲಿ ಹೊರಟುಹೋಗಿ ೧೮೧೫ರಲ್ಲಿ ಮರಳಿದನು. ಅದೇ ವರ್ಷ ಪತ್ನಿ ಅನ್ನಾ ತೀರಿಕೊಂಡಳು. ಎಲ್ಲರನ್ನೂ ಒಂದುಗೂಡಿಸುತ್ತಿದ್ದ ಸಾಧ್ವಿಯು ಇಲ್ಲವಾದ ಮೇಲೆ ಮಂಡಲಿಯು ಚೆದುರಿತು. ೧೮೦೦ರಿಂದಲೂ ಜೊತೆಗಿದ್ದ ಕ್ರ್ಯೂಸಿಯು ೧೮೧೬ರಲ್ಲಿ, ನೀಡರರನು ೧೮೧೭ರಲ್ಲಿ ಬಿಟ್ಟು ನಡೆದರು. ಮಕ್ಕಳ ಕುರಿತು ಮಾತನಾಡುತ್ತಿದ್ದವರು ನ್ಯಾಯಾಲಯದಲ್ಲಿ ಎದುರುಬದುರಾದರು.

೧೮೨೫ರಲ್ಲಿ ಇವರ್ಡನ್ ಶಾಲೆಯು ಮುಚ್ಚಿತು. ವೃದ್ಧ ಪೆಸ್ಟಲಾಜಿಯು ನಾಯ್‌ಹೋಫಿಗೆ ಹಿಂದಿರುಗಿ, ೧೮೨೭ರ ಫೆಬ್ರವರಿ ೧೭ರಂದು ಬ್ರುಗ್ ಪಟ್ಟಣದಲ್ಲಿ ಕಣ್ಣುಮುಚ್ಚಿದನು. ಬಿರ್ ಗ್ರಾಮದ ಶಾಲೆಯ ಬಳಿ ಅವನನ್ನು ಸಮಾಧಿ ಮಾಡಿದರು.