ಆಯ್ಕೆಯ ನಂತರದ ಕೆಲಸ: ಬ್ರಾಂಚ್ ರಿಕಿಯವರ ಜೀವನ

ಅಭ್ಯಾಸ ಬೋಧನೆಗೆಂದು ಭಾಲ್ಕಿಯ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ ಎಂಟನೆಯ ತರಗತಿಯ ಖೋ-ಖೋ ತಂಡವನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂತು. ಒಂದೇ ಮಧ್ಯಾಹ್ನ ಎಲ್ಲರನ್ನೂ ಓಡಿಸಿ, ಅಂಕ ಹಾಕಿ, ಪಟ್ಟಿ ಹಚ್ಚಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗಿಯೊಬ್ಬಳು ಮರುದಿನದಿಂದ ಮೈದಾನಕ್ಕೇ ಬರಲಿಲ್ಲ. ತಪ್ಪು ಎಲ್ಲಾಯಿತೆಂದು ತಿಳಿಯಲು, ಬೀದರಿಗೆ ಮರಳಿದ ಮೇಲೆ ಆಟಗಾರರ ಆಯ್ಕೆಯ ಕುರಿತು ಓದತೊಡಗಿದೆ. ಆಗ ಪರಿಚಯವಾದವರು ಅಮೆರಿಕದ ಬೇಸ್‌ಬಾಲ್ ವ್ಯವಸ್ಥಾಪಕ ಬ್ರಾಂಚ್ ರಿಕಿ.

ರಿಕಿ 1881ರಲ್ಲಿ ಒಹಾಯೊ ರಾಜ್ಯದ ರೈತ ಕುಟುಂಬದಲ್ಲಿ ಜನಿಸಿದರು. ಕಾಲೇಜು ಸೇರುವ ಮೊದಲು ಹಳ್ಳಿಯ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಆಟಗಾರರಾಗಿ ಅವರು ಹೆಸರು ಮಾಡಲಿಲ್ಲ. 1907ರ ಒಂದೇ ಪಂದ್ಯದಲ್ಲಿ ಅವರು ಕ್ಯಾಚರ್ ಆಗಿದ್ದಾಗ ಎದುರಾಳಿಗಳು 13 ಬಾರಿ ಬೇಸ್ ಕದ್ದರು. ಅನಂತರ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಲೇ ವಿದ್ಯಾರ್ಥಿಗಳ ತಂಡಕ್ಕೆ ತರಬೇತಿ ನೀಡಿದರು.

ಮುಂದೆ ಅವರು ಸೇರಿದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬಡ ತಂಡ. ಒಳ್ಳೆಯ ಆಟಗಾರ ಕಂಡರೆ ಶ್ರೀಮಂತ ತಂಡಗಳು ಹೆಚ್ಚು ಬೆಲೆ ಕೊಟ್ಟು ಕೊಂಡೊಯ್ಯುತ್ತಿದ್ದವು. ಆದ್ದರಿಂದ ರಿಕಿ ಕೆಳಹಂತದ, ಅಂದರೆ ಮೈನರ್ ಲೀಗ್‌ನ ತಂಡಗಳನ್ನೇ ಕೊಳ್ಳತೊಡಗಿ, ಹುಡುಗರನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸಿದರು. 1926ರಲ್ಲಿ ಕಾರ್ಡಿನಲ್ಸ್ ವಿಶ್ವ ಸರಣಿಯನ್ನು ಗೆದ್ದಿತು. ಈ ವ್ಯವಸ್ಥೆಗೆ ಕಪ್ಪುಮುಖವೂ ಇತ್ತು: ಎಷ್ಟೋ ಹುಡುಗರು ಕಡಿಮೆ ಸಂಬಳಕ್ಕೆ ಕೆಳಹಂತದಲ್ಲೇ ಕಟ್ಟುಬಿದ್ದಿದ್ದರು. 1938ರಲ್ಲಿ ಬೇಸ್‌ಬಾಲ್ ಆಯುಕ್ತ ಲ್ಯಾಂಡಿಸ್ ಅಂಥ 70ಕ್ಕೂ ಹೆಚ್ಚು ಆಟಗಾರರನ್ನು ಬಂಧಮುಕ್ತಗೊಳಿಸಿದರು.

ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಬಂದ ಮೇಲೂ ರಿಕಿ ಮೂಲತಃ ಶಿಕ್ಷಕರಾಗಿಯೇ ಉಳಿದರು. ಎಸೆತಗಾರರ ಗುರಿ ತಿದ್ದಲು ದಾರಗಳನ್ನು ಕಟ್ಟಿ ಚೌಕಟ್ಟು ಮಾಡಿಸಿದರು. ಆಟದ ಅಂಕಿಅಂಶಗಳನ್ನು ವಿಶ್ಲೇಷಿಸಲು ಪೂರ್ಣಾವಧಿಯ ತಜ್ಞರನ್ನು ನೇಮಿಸಿದರು. ಕಪ್ಪು ಜನಾಂಗದವರಿಗೆ ಉನ್ನತ ಲೀಗ್‌ಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1945ರಲ್ಲಿ, ಜಾಕಿ ರಾಬಿನ್ಸನ್‌ರನ್ನು ಆರಿಸಿಕೊಂಡರು. ರಾಬಿನ್ಸನ್ ಒಂದು ವರ್ಷ ಮಾಂಟ್ರಿಯಲ್‌ನ ಕೆಳಹಂತದ ತಂಡದಲ್ಲಿ ಪಳಗಿ, 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಪರವಾಗಿ ಮೈದಾನಕ್ಕಿಳಿದರು. ರಿಕಿ 1965ರಲ್ಲಿ ನಿಧನರಾದರು.

ಈ ಜೀವನದಿಂದ ನಾನು ಕಲಿತದ್ದಿಷ್ಟು: ಇಂದು ಮಗು ಮಾಡಬಲ್ಲದ್ದು ಬೇರೆ, ಕಲಿಸಿದರೆ ಮಾಡಬಲ್ಲದ್ದು ಬೇರೆ. ನಾನು ಮೊದಲನೆಯದನ್ನಷ್ಟೇ ಅಳೆದಿದ್ದೆ. ಎರಡನೆಯ ಹಂತದ ಅಭ್ಯಾಸ ಬೋಧನೆ ಔರಾದಿನಲ್ಲಿ. ಅಲ್ಲಿ ನನ್ನ ದಾಖಲೆ ಪುಸ್ತಕದಲ್ಲಿ ಎರಡು ಕಾಲಂ ಹಾಕಿದೆ: ಮೊದಲ ದಿನದ ಓಟ, ಮೂರು ವಾರ ಕಲಿಸಿದ ನಂತರದ ಓಟ. ಆರಿಸದ ಮಕ್ಕಳನ್ನೂ ಅಭ್ಯಾಸದಿಂದ ಹೊರಗಿಡಲಿಲ್ಲ. ಮೊದಲ ದಿನ ಹಿಂದೆ ಬಿದ್ದಿದ್ದ ಇಬ್ಬರು ಕೊನೆಗೆ ತಂಡದಲ್ಲಿದ್ದರು.

ಭಾಲ್ಕಿಯ ಆ ಹುಡುಗಿಗೆ ಮಾತ್ರ ನಾನು ಎರಡನೆಯ ಕಾಲಂ ಕೊಡಲೇ ಇಲ್ಲ.